ಬೆಸುಗೆಗೆ ಬಣ್ಣ ಬಳಿದ ದಿನ

ಕಾದ ಕಬ್ಬಿಣಕ್ಕೆ ನೀರು ಬಿದ್ದಾಗ ಏಳುವ ವಾಸನೆ, ಎಲ್ಲರೂ ಅಕ್ಕ ಎಂದೇ ಕರೆಯುವ ಅವರ ಪಾಲಿಗೆ ಅಪ್ಪನ ವಾಸನೆ. ವರ್ಕ್‌ಶಾಪಿನಿಂದ ಬಂದ ಅಪ್ಪನ ಅಂಗಿಗೆ ಅಕ್ಕ ಚಿಕ್ಕವರಿದ್ದಾಗ ಮೂಗು ಒತ್ತಿ ನಿಲ್ಲುತ್ತಿದ್ದರು. ವರ್ಕ್‌ಶಾಪು ಮುಚ್ಚಿದ ಮೇಲೆ ಎರಡು ಒಗೆತಕ್ಕೆ ಆ ವಾಸನೆ ಹೋಯಿತು. ಕೈಯಲ್ಲಿ ಕಸುಬಿದ್ದ ಮನುಷ್ಯ ಮನೆ ಬಾಗಿಲಲ್ಲಿ ಕೂತೇ ಮುದುಕನಾದ. ಅವನ ಪರವಾಗಿ ಒಂದು ಮಾತಾಡುವವರಿರಲಿಲ್ಲ.

ಅಂಥ ಮಾತಾಡುವುದೇ ಈಗ ಅಕ್ಕನ ಕೆಲಸ. ತರಬೇತಿ ಕೇಂದ್ರದಲ್ಲಿ ಕಸುಬು ಕಲಿತವರಿಗೆ ಕೆಲಸ ಕೊಡಿ ಎಂದು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆಯುತ್ತಾರೆ. ಹೆಗಲ ಚೀಲದಲ್ಲಿ ಕೇಂದ್ರದ ಹೆಂಗಸರು ಬೆಸೆದ ಕಬ್ಬಿಣದ ತುಂಡುಗಳು. "ಫೋಟೊ ತೋರ್ಸಿದ್ರೆ ಯಾರು ನಂಬ್ತಾರೆ? ಕೈಗೆ ಕಬ್ಬಿಣ ಕೊಟ್ಟು, ಬಗ್ಗಿಸಿ ನೋಡಿ ಅನ್ಬೇಕು. ಗೇಟಿನವ್ರು ನನ್ನನ್ನ ಗುಜರಿಯವಳು ಅನ್ಕೊಂಡು, ಇವತ್ತು ಏನೂ ಇಲ್ಲಮ್ಮ ಅಂತಾರೆ," ಎಂದು ಅಕ್ಕ ನಗುತ್ತಾರೆ.

ಹೀಗೆ ಅಲೆದೂ ಅಲೆದೂ ಒಂದು ಕಂಪನಿಯ ಮ್ಯಾನೇಜರನ್ನು ಬಂದು ಕೆಲಸ ನೋಡಲು ಒಪ್ಪಿಸಿದ್ದಾರೆ. ಅವರು ಬರುವುದು ಇಂದೇ. ಈ ಸಲವೂ ಕೆಲಸ ಸಿಗದಿದ್ದರೆ ಹೆಂಗಸರ ವೆಲ್ಡಿಂಗ್ ವಿಭಾಗ ಮುಚ್ಚುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಕೇಂದ್ರದ ಬೀಗ ತೆಗೆದ ಅಕ್ಕ ಬಾಗಿಲಲ್ಲೇ ನಿಲ್ಲುತ್ತಾರೆ. ಮೇಜಿನ ಮೇಲಿನ ಮಾದರಿ ತುಂಡುಗಳೆಲ್ಲ ಬೆಳ್ಳಿ ಬಣ್ಣದಲ್ಲಿ ಫಳಫಳ ಹೊಳೆಯುತ್ತಿವೆ.

"ಯಾರು ಬಳಿದಿದ್ದು?"

"ರಾತ್ರಿ ಡೈರೆಕ್ಟರ್ ಸಾಹೇಬ್ರು ಹೇಳಿದ್ರು ಅಕ್ಕ, ನೋಡೋಕೆ ಚೆನ್ನಾಗಿರ್ಲಿ ಅಂತ," ಎನ್ನುತ್ತಾನೆ ಹಿಂದೆಯೇ ಬಂದ ಅಟೆಂಡರ್.

"ಮದುವೆ ಹೆಣ್ಣೇನಪ್ಪ ಇದು?"

ಬಣ್ಣದ ಕೆಳಗೆ ಬಿರುಕಿದ್ದರೆ ಕಾಣುವುದಿಲ್ಲ. ಬಣ್ಣ ಬಳಿದ ಬೆಸುಗೆಯನ್ನು ಕೆಲಸ ಬಲ್ಲ ಯಾರೂ ನಂಬುವುದಿಲ್ಲ. ಅಷ್ಟು ಸಾಲದೆಂದು ಕೇಂದ್ರದ ನಿರ್ದೇಶಕರು, ಕಿಡಿ ಹಾರಿ ತೂತು ಬಿದ್ದ ಬಟ್ಟೆಯ ಹೆಂಗಸರನ್ನು ಗೋದಾಮಿನ ಹಿಂದೆ ಕೂರಿಸುತ್ತಾರೆ. ಅವರ ಜಾಗದಲ್ಲಿ ಇಸ್ತ್ರಿ ಬಟ್ಟೆ ತೊಟ್ಟ ಕಚೇರಿಯ ಹುಡುಗಿಯರು ನಿಲ್ಲುತ್ತಾರೆ. ಯಾರ ಬೆವರಿನ ಹೆಸರಲ್ಲಿ ಈ ಕಟ್ಟಡ ಎದ್ದಿತೋ ಅವರನ್ನೇ ಹಳೆಯ ಸಾಮಾನಿನಂತೆ ಬಚ್ಚಿಡುವವರಿಗೆ ಏನೆನ್ನಬೇಕು?

ಮ್ಯಾನೇಜರ್ ಬರುತ್ತಾರೆ. ತುಂಡೊಂದನ್ನು ಎತ್ತಿ ಉಗುರಿನಲ್ಲಿ ಕೆರೆಯುತ್ತಾರೆ, ಕೆಳಗಿಡುತ್ತಾರೆ. "ಚೆನ್ನಾಗಿದೆ, ತಿಳಿಸ್ತೀವಿ." ಈ 'ತಿಳಿಸ್ತೀವಿ'ಯ ರುಚಿ ಅಕ್ಕ ಎಷ್ಟೋ ಗೇಟುಗಳಲ್ಲಿ ಕಂಡಿದ್ದಾರೆ. ಓಡಿಹೋಗಿ, ಹೊರಟಿದ್ದ ಮ್ಯಾನೇಜರ ಕಾರಿಗೆ ಅಡ್ಡ ನಿಲ್ಲುತ್ತಾರೆ.

"ಸಾರ್, ಬಣ್ಣ ಬಳಿದಿದ್ದು ನಮ್ಮೋರಲ್ಲ. ಕೆಲಸ ಮಾಡೋರನ್ನ ನೀವು ಇನ್ನೂ ನೋಡೇ ಇಲ್ಲ. ಅವ್ರು ಗೋದಾಮಿನ ಹಿಂದೆ ಕೂತಿದಾರೆ."

"ಏನಮ್ಮ ಇದು, ಮರ್ಯಾದೆ ಬೇಡ್ವಾ?" ನಿರ್ದೇಶಕರ ಮುಖ ಕೆಂಪಗಾಗುತ್ತದೆ.

"ಅದನ್ನೇ ಸಾರ್ ನಾನೂ ಕೇಳ್ತಿರೋದು. ಅವ್ರಿಗೂ ಸ್ವಲ್ಪ ಕೊಡಿ ಅಂತ."

ಮ್ಯಾನೇಜರ್ ಇಳಿದು ಕಾರಿನ ಬಾಗಿಲು ಮುಚ್ಚಿ ಕೇಂದ್ರದೊಳಗೆ ಮರಳುತ್ತಾರೆ. ಹೆಂಗಸರು ಅವರೆದುರೇ ಬೆಸೆಯುತ್ತಾರೆ. ತುಂಡನ್ನು ವೈಸಿನ ಇಕ್ಕಳಕ್ಕೆ ಕಚ್ಚಿಸಿ ಮ್ಯಾನೇಜರೇ ಸುತ್ತಿಗೆಯಿಂದ ಬಡಿಯುತ್ತಾರೆ. ಕಬ್ಬಿಣ ಬಗ್ಗುತ್ತದೆ, ಬೆಸುಗೆ ಬಿರಿಯುವುದಿಲ್ಲ.

"ಮುಂದಿನ ತಿಂಗಳಿಂದ ಕಳಿಸಿ. ಎಲ್ಲರನ್ನೂ."

ಆಮೇಲೆ ಹೂಗುಚ್ಛ, ಫೋಟೊ, ಒಳಗೆ ಅತಿಥಿಗಳಿಗೆ ಊಟ. ಫೋಟೊದಲ್ಲಿ ಅಕ್ಕನಿಲ್ಲ, ಊಟದೆಲೆಯ ಲೆಕ್ಕದಲ್ಲೂ ಇಲ್ಲ. "ನಿಮ್ಮ ಕೆಲಸದ ಕರಾರಿನ ವಿಷಯ ನಾಳೆ ಮಾತಾಡೋಣ," ಎಂದು ಅಕ್ಕನಿಗೆ ಹೇಳಿ ನಿರ್ದೇಶಕರು ಒಳಗೆ ಹೋಗುತ್ತಾರೆ.

ಅಕ್ಕ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಾರೆ. "ನನ್ನ ಕೆಲಸ ಹೋದ್ರೆ ಹೋಗ್ಲಿ. ಇವ್ರದ್ದು ಆಯ್ತಲ್ಲ," ಎನ್ನುತ್ತಾರೆ.

ಗುಂಪಿನಲ್ಲಿ ಹಿರಿಯಳಾದ ವೆಲ್ಡರ್ ಕೈ ತೊಳೆದು ಬಂದು ಪಕ್ಕದಲ್ಲಿ ಕೂರುತ್ತಾಳೆ. ಬುತ್ತಿ ಬಿಚ್ಚಿ ಎರಡು ತುತ್ತಿನಷ್ಟನ್ನು ಮುಚ್ಚಳಕ್ಕೆ ಹಾಕಿಕೊಳ್ಳುತ್ತಾಳೆ. ಉಳಿದದ್ದನ್ನು ಡಬ್ಬಿ ಸಮೇತ ಅಕ್ಕನ ಮಡಿಲಿಗಿಡುತ್ತಾಳೆ.