ಬಾಯಿ ಕಟ್ಟದ ಬುಟ್ಟಿ

ಅವತ್ತು ಬೆಳಿಗ್ಗೆ ಅವ್ವ ಸೂಡಿ ಊರಿನ ನಮ್ಮ ಮನೆಯಲ್ಲಿ, ನೆನೆಸಿದ ತೊಗರಿ ಕಟ್ಟಿಗೆಯಿಂದ ಹೊಸ ಬುಟ್ಟಿ ಹೆಣೆಯುತ್ತ ಕುಳಿತಿದ್ದಳು. ನಾನು ಗಜೇಂದ್ರಗಡದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೊರಟಿದ್ದೆ.

“ಇದು ಯಾವ ದೆವ್ವದ್ದುಬೇ?” ಎಂದೆ.

“ಸಂಜಿಗೆ ಬಾ, ಅದರ ಕಥಿ ಹೇಳತೇನಿ. ಈಗ ಬಸ್ ತಪ್ಪಿದ್ರ ನಿಮ್ಮ ಸಾವಕಾರ ದೆವ್ವ ಆಗಿ ಕುಂತಿರತಾನ.”

ನಗುತ್ತ ಓಡಿದೆ. ಮಧ್ಯಾಹ್ನ ಅವ್ವನಿಗೆ ಎದೆನೋವು ಬಂತು. ನಾನು ಊರು ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಅವ್ವ ಸಗಣಿ ಬುಟ್ಟಿ, ರೊಟ್ಟಿ ಬುಟ್ಟಿ ಹೆಣೆದೇ ನನ್ನನ್ನು ಬೆಳೆಸಿದವಳು. ಎರಡು ವರ್ಷದ ಹಿಂದೆ ಬುಟ್ಟಿ ಕೊಳ್ಳಲು ಬಂದ ನರಗುಂದದ ಚಿತ್ರಕಲೆಯ ಶಿಕ್ಷಕಿಯೊಬ್ಬರು ಅವ್ವನ ಬಾಯಲ್ಲಿ, ಹಡೆಯುವಾಗ ಸತ್ತ ಬಾಣಂತಿ ದೆವ್ವದ ಕಥೆ ಕೇಳಿ, “ಇದನ್ನ ಹೆಣದ ತೋರಸ್ತೀರೇನ್ರಿ?” ಎಂದರು. ಅವ್ವ ಬಸುರಿಯ ಹೊಟ್ಟೆಯಂಥ ಬುಟ್ಟಿ ಹೆಣೆದು ಬಾಯಿ ಅಗಲ ಬಿಟ್ಟಳು. “ಕೂಸಿನ್ನ ಎತ್ತಿಕೊಳ್ಳಾಕ ಆಕಿ ಕೈ ಹೊರಗ ಬರಬೇಕಲ್ರಿ ಅಕ್ಕೋರ.”

ಆಮೇಲೆ ಶಿಕ್ಷಕಿ ಬೇರೆ ದೇಶದ ದೆವ್ವಗಳ ಕಥೆಗಳನ್ನೂ ಹೇಳತೊಡಗಿದರು; ಅವ್ವ ಒಂದೊಂದಕ್ಕೂ ಒಂದೊಂದು ಬುಟ್ಟಿ ಹೆಣೆದಳು. ಮೆಕ್ಸಿಕೋದಲ್ಲಿ ಒಬ್ಬಳು ತಾನೇ ನೀರಿಗೆ ನೂಕಿದ ಮಕ್ಕಳನ್ನು ಹುಡುಕುತ್ತ ಹೊಳೆಯ ದಂಡೆಯಲ್ಲಿ ಅಳುತ್ತಾಳಂತೆ. ಅವ್ವ ಪೂರ್ತಿ ಕೇಳಿ, “ಗಂಡ ಎಲ್ಲಿದ್ದನಂತ್ರಿ ಆವಾಗ?” ಎಂದಳು. ಆ ಬುಟ್ಟಿಗೆ ಗಂಟಲಿನಂಥ ಇಕ್ಕಟ್ಟು ಬಾಯಿ ಮಾಡಿದಳು. ಯಾರ ಕಥೆಯೋ, ಅವಳಿಗೆ ತಕ್ಕ ಬಾಯಿ.

ಅವ್ವ ಹೋದ ಮೇಲೆ ನರಗುಂದದಲ್ಲಿ ಅವಳ ದೆವ್ವದ ಬುಟ್ಟಿಗಳ ಪ್ರದರ್ಶನ ನಿಗದಿಯಾಯಿತು. ಶಿಕ್ಷಕಿ ಫೋನ್ ಮಾಡಿ, “ಕಡೀ ಬುಟ್ಟಿ ನೀನ ಮುಗಸವಾ, ನಿನಗೂ ಬರತೈತಲ್ಲ” ಎಂದರು. ಕಟ್ಟಿಗೆಯ ತುದಿ ಮಡಚಿ ಬಾಯಿ ಕಟ್ಟದ ಬುಟ್ಟಿ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಒಣಗಿದ ಕಟ್ಟಿಗೆಗೆ ನೀರು ಚಿಮುಕಿಸಿ ಕುಳಿತೆ. ಅಗಲ ಬಾಯಿಯೋ, ಇಕ್ಕಟ್ಟೋ? ಒಳಗಿರುವವಳು ಯಾರೆಂದು ತಿಳಿಯದೆ ಕೈ ಓಡಲಿಲ್ಲ. ಸುಮ್ಮನೆ ಏನೋ ಒಂದು ಕಟ್ಟಿದರೆ ಅದು ಅವ್ವನ ಬುಟ್ಟಿ ಆಗುತ್ತಿರಲಿಲ್ಲ. ಕಟ್ಟಿಗೆಗಳು ಮೇಲಕ್ಕೆ ನಿಂತಿದ್ದಂತೆಯೇ ಅದನ್ನು ಹೊಸ್ತಿಲು ದಾಟಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ.

ಪ್ರದರ್ಶನದಲ್ಲಿ ಮುದುಕಿಯೊಬ್ಬಳು ಬಾಣಂತಿ ಬುಟ್ಟಿಯ ಮುಂದೆ ಬಹಳ ಹೊತ್ತು ನಿಂತಳು.

“ನಮ್ಮಕ್ಕ ಹಡಿಯೂವಾಗ ಹೋದಾಕಿ. ಊರಾಗ ಆಕಿ ಹೆಸರು ಹೇಳಿ ಹುಡುಗರನ್ನ ಅಂಜಸತಿದ್ರು. ಇದನ್ನ ನೋಡಿದ್ರ ಅಂಜಿಕಿ ಬರೂದಿಲ್ಲ ನೋಡು. ಯಾರು ಮಾಡ್ಯಾರವಾ?”

“ನಮ್ಮವ್ವ ಮಾಡ್ಯಾಳ್ರಿ,” ಎಂದೆ. ಸುತ್ತಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದೆ.

ಆ ಕೊನೆಯ ಬುಟ್ಟಿ ಬಾಯಿ ಕಟ್ಟದೆಯೇ ಈಗ ಮನೆಯಲ್ಲಿದೆ. ಅವ್ವ ಸಂಜೆಗೆ ಹೇಳುತ್ತೇನೆಂದ ಕಥೆ ನನ್ನ ಬಳಿ ಇಲ್ಲ.