ಮೋರಿ ಕಡೆಗೆ ವಾಲುತ್ತಿದ್ದ ನಮ್ಮ ಗ್ರೌಂಡು

ಕನಕಪುರ ರಸ್ತೆಯಲ್ಲಿ ಮೆಟ್ರೋ ಕಂಬಗಳು ಎದ್ದು ನಿಂತಿದ್ದವು, ರೈಲು ಮಾತ್ರ ಇನ್ನೂ ಬಂದಿರಲಿಲ್ಲ. ಜರಗನಹಳ್ಳಿಯಲ್ಲಿ ಖಾಲಿ ನೆಲ ಕಂಡರೆ ಯಾರೂ ನಿಂತು ನೋಡುತ್ತಿರಲಿಲ್ಲ, ಅಷ್ಟರಮಟ್ಟಿಗೆ ಅದು ಸಾಮಾನ್ಯವಾಗಿದ್ದ ಕಾಲ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕೈ ತೊಳೆದುಕೊಂಡಿದ್ದೆ. ಆ ಬೇಸಿಗೆಯನ್ನು ನೆನೆದರೆ ಮೂಗಿಗೆ ಮೊದಲು ಬರುವುದು ಹೊಂಗೆ ಹೂವಿನ ವಾಸನೆ, ಅದರ ಹಿಂದೆಯೇ ಮೋರಿಯ ವಾಸನೆ. ಎರಡೂ ನಮ್ಮ ಗ್ರೌಂಡಿನವೇ.

ಗ್ರೌಂಡು ಅಂತ ಕರೆಯುತ್ತಿದ್ದವರು ನಾವು ಹುಡುಗಿಯರು ಮಾತ್ರ. ಅದು ನಮ್ಮ ತಾತನ ಜಮೀನಿನಲ್ಲಿ ಉಳಿದಿದ್ದ ಕೊನೆಯ ತುಂಡು. ಮಿಕ್ಕಿದ್ದೆಲ್ಲ ಲೇಔಟಾಗಿ, ಮನೆಗಳಾಗಿ, ಬಾಡಿಗೆಗೆ ಹೋಗಿತ್ತು. ಅಜ್ಜಿಗೆ ಅದು ಕೊನೆಯವರೆಗೂ ಅವರೆಕಾಯಿ ಬೆಳೆದ ಅವರೆ ಹೊಲವೇ. ಒಂದು ಪಕ್ಕದಲ್ಲಿ ರಸ್ತೆ, ಅದು ಎತ್ತರ. ಇನ್ನೊಂದು ಪಕ್ಕದಲ್ಲಿ ಮೋರಿ, ಅದು ತಗ್ಗು. ಚೆಂಡನ್ನು ಮಧ್ಯದಲ್ಲಿಟ್ಟು ಕೈಬಿಟ್ಟರೆ ಅದು ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ನಿಧಾನವಾಗಿ ಮೋರಿಯ ಕಡೆಗೆ ಹೊರಡುತ್ತಿತ್ತು.

"ಈ ನೆಲ್ದ ಬುದ್ಧಿನೇ ಅಷ್ಟು ಕಣವ್ವ," ಅನ್ನುತ್ತಿದ್ದಳು ಅಜ್ಜಿ, ಮಜ್ಜಿಗೆ ಚೊಂಬು ಹಿಡಿದುಕೊಂಡು ಹೊಂಗೆ ಮರದ ಕೆಳಗೆ ಕೂತು. "ನೀರು ಬಿಟ್ರೂ ಆ ಮೂಲೆಗೇ ಹೋಗೋದು, ಚೆಂಡು ಬಿಟ್ರೂ ಆ ಮೂಲೆಗೇ ಹೋಗೋದು."

ನಮಗೆ ಫುಟ್‌ಬಾಲ್ ಕಲಿಸಲು ಬರುತ್ತಿದ್ದವರು ಸೆಲ್ವಂ ಸಾರ್. ಆಸ್ಟಿನ್ ಟೌನಿನಲ್ಲಿ ಹುಟ್ಟಿ, ಅಲ್ಲಿಯ ಗಲ್ಲಿಗಳಲ್ಲಿ ಚೆಂಡು ಒದ್ದು ಬೆಳೆದವರು. ಬಲೆಯ ಚೀಲದಲ್ಲಿ ಚೆಂಡುಗಳನ್ನು ತುಂಬಿಕೊಂಡು, ಬನಶಂಕರಿಯಲ್ಲಿ ಬಸ್ಸು ಬದಲಾಯಿಸಿ, ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಬಂದು ಇಳಿಯುತ್ತಿದ್ದರು. ನಮ್ಮ ಮನೆಯ ಪಕ್ಕದಲ್ಲಿ ಅವರ ಅಕ್ಕ ಬಾಡಿಗೆಗಿದ್ದರು. ಹಾಗೆ ಒಮ್ಮೆ ಅಕ್ಕನನ್ನು ನೋಡಲು ಬಂದವರು ಖಾಲಿ ನೆಲ ನೋಡಿ, ಅಪ್ಪನನ್ನು ಕೇಳಿ, ಬೀದಿಯ ಹೆಣ್ಣುಮಕ್ಕಳನ್ನು ಸೇರಿಸಿ ಕ್ಲಬ್ಬು ಕಟ್ಟಿದ್ದರು.

ಅವರು ನಮಗೆ ಕಲಿಸಿದ ಮೊದಲ ಪಾಠ, ಚೆಂಡನ್ನು ಗೆಳತಿಯ ಕಾಲಿಗೆ ಒದೆಯಬಾರದು, ಅವಳ ಬಲಗಡೆಗೆ, ಅಂದರೆ ರಸ್ತೆಯ ಕಡೆಗೆ ಒದೆಯಬೇಕು. ಮಿಕ್ಕಿದ್ದನ್ನು ನೆಲವೇ ನೋಡಿಕೊಳ್ಳುತ್ತದೆ. "ಇಳಿಜಾರು ಜೊತೆ ಜಗಳ ಬೇಡಮ್ಮಾ, ಫ್ರೆಂಡ್ಸ್ ಆಗ್ಬೇಕು" ಅನ್ನುತ್ತಿದ್ದರು ಸಾರ್, ತಮಿಳು ಬೆರೆತ ಕನ್ನಡದಲ್ಲಿ. ನಮ್ಮ ಕೀಪರ್ ರೇಷ್ಮಾ. ಅವಳಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು, ಬರುವುದು ತಡ, ಹಾಗಾಗಿ ರೇಷ್ಮಾ ಅರ್ಧ ನಮ್ಮ ಮನೆಯ ಮಗಳೇ. ಗೋಲಿನ ಮುಂದೆ ಅವಳು ಯಾವಾಗಲೂ ಒಂದು ಹೆಜ್ಜೆ ಎಡಕ್ಕೆ, ಮೋರಿಯ ಕಡೆಗೆ ಸರಿದು ನಿಲ್ಲುತ್ತಿದ್ದಳು. ಬರುವ ಚೆಂಡೆಲ್ಲ ಅತ್ತಲೇ ವಾಲುತ್ತಿತ್ತಲ್ಲ. ಕಬ್ಬಿಣದ ಕಂಬವಿದ್ದದ್ದು ಒಂದೇ ಗೋಲಿಗೆ, ಅದನ್ನು ರೇಷ್ಮಾ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಎದುರಿನ ಗೋಲಿಗೆ ಎರಡು ಸಿಮೆಂಟ್ ಇಟ್ಟಿಗೆ. ಹೀಗಾಗಿ ನಮ್ಮಿಬ್ಬರ ತಂಡ ಸೈಡು ಬದಲಿಸಿದ್ದೇ ಇಲ್ಲ, ಮೋರಿ ನಮಗೆ ಸದಾ ಎಡಗಡೆ. ಹೊರಗೆ ಹೋಗಿ ಆಡಿದ್ದು ಕಡಿಮೆ. ಆಡಿದ ಕಡೆಯೂ ನೆಲವೆಲ್ಲ ಗುಂಡಿ, ತಿಟ್ಟು, ಪಾಸು ತಪ್ಪಿದರೆ ಕಲ್ಲನ್ನು ಬೈದು ಮುಂದೆ ಓಡುತ್ತಿದ್ದೆವು.

ಆ ಇಟ್ಟಿಗೆ ಅಪ್ಪನ ಅಂಗಡಿಯದು. ಅಪ್ಪನಿಗೆ ಸಿಮೆಂಟ್ ಇಟ್ಟಿಗೆ ವ್ಯಾಪಾರ, ಜೊತೆಗೆ ಬಾಡಿಗೆ ಮನೆಗಳು. ಸಂಜೆ ಪ್ಲಾಸ್ಟಿಕ್ ಕುರ್ಚಿ ತಂದು ರಸ್ತೆಯ ಕಡೆ ಹಾಕಿಕೊಂಡು ಕೂರುತ್ತಿದ್ದ. ಕಿವಿಯಲ್ಲಿ ಫೋನು. ನಲ್ಲಿ ಸೋರುತ್ತಿದೆ ಅನ್ನುವ ಬಾಡಿಗೆಯವರು, ಲೋಡ್ ಬಂದಿಲ್ಲ ಅನ್ನುವ ಮೇಸ್ತ್ರಿಗಳು. ಆಟ ಮುಗಿದು ನಾವು ಬೆವರು ಸುರಿಸಿಕೊಂಡು ಬಂದರೆ ಅಪ್ಪ ತಲೆಯೆತ್ತಿ, "ಏನು, ಯಾರು ಗೆದ್ರಿ?" ಅನ್ನುತ್ತಿದ್ದ. ಎದುರಿಗೇ ಕೂತಿದ್ದು ಇದನ್ನು ಕೇಳಿದರೆ ನನಗೆ ಮೈ ಉರಿದುಹೋಗುತ್ತಿತ್ತು.

ಆ ಬೇಸಿಗೆಯ ಒಂದು ಸಂಜೆ, ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದಾಗ ಅಪ್ಪ ಸಹಜವಾಗಿ ಅಂದ, "ಆಷಾಢ ಒಂದು ಕಳೀಲಿ. ಗುದ್ದಲಿ ಪೂಜೆ ಮಾಡಿ ಪಾಯ ತೋಡಿಸ್ತೀನಿ."

"ಎಲ್ಲಿ?"

"ಇನ್ನೆಲ್ಲಿ, ಅವರೆ ಹೊಲದಲ್ಲಿ."

ಮಾವಿನಕಾಯಿ ಬಾಯಲ್ಲೇ ನಿಂತಿತು. "ನಾವೆಲ್ಲಿ ಆಡೋದಪ್ಪಾ?"

"ಆಟ ಆಡ್ಸೋ ಕಾಲೇಜಿಗೆ ಸೇರ್ಕೊ, ಅಲ್ಲಾಡು. ನಾನೇನು ಬೇಡ ಅಂದ್ನಾ? ಸಿಗ್ಲಿಲ್ಲಾಂದ್ರೆ ಇಲ್ಲೇ ಮೇನ್ ರೋಡಲ್ಲಿರೋ ಕಾಲೇಜಿಗೆ ಹೋಗು. ಚೆಂಡನ್ನ ಅಟ್ಟಕ್ಕೆ ಹಾಕು."

ಮೇನ್ ರೋಡಿನ ಕಾಲೇಜು ಬಟ್ಟೆ ಅಂಗಡಿಯ ಮೇಲಿನ ಎರಡು ಮಹಡಿ. ಅಲ್ಲಿ ಆಡಲು ಇದ್ದದ್ದು ಮೆಟ್ಟಿಲು ಮಾತ್ರ. ನಾನು ಕನಸು ಕಂಡಿದ್ದು ಜಯನಗರದ ದೊಡ್ಡ ಕಾಲೇಜು. ಅಲ್ಲಿ ಹುಡುಗಿಯರ ತಂಡವಿತ್ತು, ಹುಲ್ಲಿನ ಗ್ರೌಂಡಿತ್ತು. ನನ್ನ ಓದನ್ನು ನಂಬಿಕೊಂಡಿದ್ದರೆ ಅಲ್ಲಿಯ ವಾಚ್‌ಮನ್ ಕೂಡ ಗೇಟು ತೆಗೆಯುತ್ತಿರಲಿಲ್ಲ. ಉಳಿದದ್ದು ಸ್ಪೋರ್ಟ್ಸ್ ಕೋಟಾ. ಅದಕ್ಕೆ ಟ್ರಯಲ್ಸ್. ಅಲ್ಲಿ ಆರಿಸಿಕೊಂಡರೆ ಆಟ ಉಂಟು, ಇಲ್ಲವಾದರೆ ಆಟವೂ ಇಲ್ಲ, ನೆಲವೂ ಇಲ್ಲ. ರೇಷ್ಮಾಳದೂ ಇದೇ ಕಥೆ, ಇನ್ನೂ ಒಂದು ಗಂಟು ಹೆಚ್ಚು. ಅವಳಮ್ಮ ಆಗಲೇ ತಮ್ಮ ಗಾರ್ಮೆಂಟ್ಸಿನಲ್ಲಿ ಮಗಳಿಗೆ ಕೆಲಸ ಕೇಳಿಟ್ಟಿದ್ದರು.

ಅಂದಿನಿಂದ ನಾವಿಬ್ಬರೂ ಹುಚ್ಚು ಹಿಡಿದವರಂತೆ ಆಡಿದೆವು. ಬೆಳಿಗ್ಗೆ ಬಿಸಿಲೇರುವವರೆಗೆ, ಸಂಜೆ ಚೆಂಡು ಕಣ್ಣಿಗೆ ಕಾಣದಾಗುವವರೆಗೆ. ತಗ್ಗಿನಿಂದ ಎತ್ತರಕ್ಕೆ ಓಡು, ಎತ್ತರದಿಂದ ತಗ್ಗಿಗೆ ಬಾ. ಮೋರಿಗೆ ಬಿದ್ದ ಚೆಂಡನ್ನು ತೊಳೆದು ಒಣಗಿಸುವುದು ಅಜ್ಜಿಯ ಪಾಲಿಗೆ ಬಂದಿತ್ತು. "ಹಬ್ಬಕ್ಕೆ ಪಾತ್ರೆ ಬೆಳಗ್ದಷ್ಟು ಚೆಂಡು ಬೆಳಗ್ಬಿಟ್ಟೆ ನಾನು" ಅಂತ ಗೊಣಗುತ್ತಿದ್ದಳು, ಆದರೆ ಹುಣಸೆಹಣ್ಣು ಹಾಕಿಯೇ ಉಜ್ಜುತ್ತಿದ್ದಳು. ಹುಣಸೆಹಣ್ಣಿಗೂ ಚೆಂಡಿಗೂ ಏನು ಸಂಬಂಧವೋ ಅವಳಿಗೇ ಗೊತ್ತು.

ಟ್ರಯಲ್ಸ್ ದಿನ ಅಪ್ಪ ಇಟ್ಟಿಗೆ ಸಾಗಿಸುವ ಲಗೇಜ್ ಆಟೋ ತೊಳೆಸಿ ತಂದ. ಓಡಿಸಲು ಅಪ್ಪ, ಪಕ್ಕದಲ್ಲಿ ಸೆಲ್ವಂ ಸಾರ್, ನಾವಿಬ್ಬರು ಹಿಂದೆ. ಜಯನಗರದ ಮರಗಳ ನೆರಳು ನಮ್ಮ ಮೇಲೆ ಹರಿದು ಹೋಗುತ್ತಿತ್ತು.

ಆ ಗ್ರೌಂಡು ನೋಡಿ ನಾನು ಸುಮ್ಮನೆ ನಿಂತುಬಿಟ್ಟೆ. ಕೇರಂ ಬೋರ್ಡಿನಂತೆ ಸಮ. ಗೋಲಿಗೆ ಬಿಳಿ ಬಲೆ, ಎರಡೂ ಕಡೆ. ಟೋಪಿ ಹಾಕಿದ್ದ ಪಿ.ಟಿ. ಮೇಡಂ ಬಂದ ಹುಡುಗಿಯರನ್ನೆಲ್ಲ ಎರಡು ತಂಡ ಮಾಡಿದರು. ನಾನೂ ರೇಷ್ಮಾನೂ ಒಂದೇ ತಂಡಕ್ಕೆ ಬಿದ್ದಾಗ, ದೇವರಿದ್ದಾನೆ ಅಂದುಕೊಂಡೆ.

ಸೀಟಿ ಊದಿದರು. ಚೆಂಡು ನನ್ನ ಕಾಲಿಗೆ ಬಂತು. ಮುಂದಿದ್ದ ಉದ್ದ ಜಡೆಯ ಹುಡುಗಿಗೆ ಪಾಸು ಕೊಟ್ಟೆ. ಅದು ಅವಳ ಬಲಗಡೆ ಹಾದು ನೇರವಾಗಿ ಗೆರೆ ದಾಟಿ ಹೊರಗೆ ಹೋಯಿತು. ಮುಂದಿನದೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಉದ್ದ ಜಡೆಯವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಯಾರಿಗಮ್ಮಾ ಆ ಪಾಸು? ಅಲ್ಲಿ ಯಾರಿದಾರೆ?" ಅಂತ ಮೇಡಂ ಕೂಗಿದರು. ಹಿಂದೆ ತಿರುಗಿ ನೋಡಿದರೆ ರೇಷ್ಮಾಳದು ನನಗಿಂತ ಕಷ್ಟ. ತನ್ನ ಬಲಗಡೆ ಮಂಚ ಹಾಕಿ ಮಲಗುವಷ್ಟು ಜಾಗ ಬಿಟ್ಟು ನಿಂತಿದ್ದಾಳೆ, ಎದುರಿನವರು ಅಲ್ಲಿಂದಲೇ ಗೋಲು ಹೊಡೆಯುತ್ತಿದ್ದಾರೆ. ನನಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಕಾಲು ನನ್ನದೇ, ಒದೆತ ನನ್ನದೇ, ಚೆಂಡು ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಅಟ್ಟದ ಮೇಲಿನ ಕತ್ತಲಲ್ಲಿ ನನ್ನ ಚೆಂಡು ಕೂತಿರುವುದು ಕಣ್ಣಿಗೆ ಕಟ್ಟಿತು.

ಅರ್ಧ ಆಟ ಮುಗಿದು ನೀರು ಕುಡಿಯಲು ಬಿಟ್ಟರು. ಸೆಲ್ವಂ ಸಾರ್ ಬಂದು, "ಟೆನ್ಷನ್ ಬೇಡಮ್ಮಾ, ಟೆನ್ಷನ್ ಬೇಡ" ಅಂತ ಹೇಳುತ್ತಲೇ ತಾವೇ ಕರವಸ್ತ್ರ ಹಿಂಡುತ್ತಿದ್ದರು. ಅಷ್ಟರಲ್ಲಿ ತಂತಿ ಬೇಲಿಯ ಆಚೆಯಿಂದ ಅಪ್ಪ ಗಂಟಲು ಹರಿಯುವಂತೆ ಕೂಗಿದ.

"ಪವೀ! ಇಲ್ಲಿ ಮೋರಿ ಇಲ್ಲ ಕಣಮ್ಮಾ!"

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ನಾಚಿಕೆಯಿಂದ ಓಡಿಹೋಗಿ, "ಏನಪ್ಪಾ ಅದು?" ಅಂದೆ.

"ಅಲ್ಲಿ ಚೆಂಡು ಮೋರಿ ಕಡೆ ಜಾರ್ತದೆ ಅಂತ ನೀನು ರಸ್ತೆ ಕಡೆ ಒದೀತೀಯ. ಇಲ್ಲಿ ನೆಲ ಸಮ ಐತೆ. ಮೋರಿನೂ ಇಲ್ಲ, ರಸ್ತೆನೂ ಇಲ್ಲ. ಯಾರಿಗೆ ಕೊಡ್ಬೇಕೋ ಅವರ ಕಾಲಿಗೇ ಒದಿ." ಆಮೇಲೆ ಗೋಲಿನ ಕಡೆ ಕೈ ತೋರಿಸಿದ. "ಆ ರೇಷ್ಮಾನ್ನ ನೋಡು, ಇಲ್ಲೂ ಮೋರಿ ಕಾಯ್ಕೊಂಡು ನಿಂತವ್ಳೆ. ಮಧ್ಯಕ್ಕೆ ಬಾ ಅನ್ನು."

ಸೆಲ್ವಂ ಸಾರ್ ಹಣೆ ಚಚ್ಚಿಕೊಂಡರು. "ಅಯ್ಯೋ ಮುರುಗಾ! ಕಲಿಸಿದ್ದು ನಾನೇ ಅಲ್ವಾ!"

ನಾನು ಅಪ್ಪನನ್ನೇ ನೋಡುತ್ತ ನಿಂತೆ. "ನಿಂಗೆ ಹೆಂಗೆ ಗೊತ್ತು? ನೀನು ಫೋನಲ್ಲಿ ಇರ್ತಿದ್ದೆ."

"ಫೋನಿಗೆ ಕಿವಿ ತಾನೇ ಬೇಕು," ಅಂದ ಅಪ್ಪ, "ಕಣ್ಣಿಗೇನು ಕೆಲಸ? ಹೋಗು ಹೋಗು, ಸೀಟಿ ಊದ್ತಾವ್ರೆ."

ಇಷ್ಟು ದಿನ ನಮ್ಮನ್ನು ನೋಡುತ್ತಿದ್ದ. ಪ್ರತಿ ಪಾಸನ್ನೂ ನೋಡಿದ್ದ. ಆ ಕ್ಷಣಕ್ಕೆ ನನಗೆ ಆದ ಸಂತೋಷವನ್ನು ಇವತ್ತಿಗೂ ಗೆದ್ದ ಯಾವ ಕಪ್ಪಿನ ಜೊತೆಗೂ ಬದಲಾಯಿಸಲಾರೆ. ರೇಷ್ಮಾಳ ಹತ್ತಿರ ಓಡಿ ವಿಷಯ ಹೇಳಿದೆ. ಅವಳು ತನ್ನ ಕಾಲನ್ನು ನೋಡಿಕೊಂಡಳು, ಎರಡು ಕಂಬಗಳನ್ನು ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲೇ ಪವಿ, ಇಲ್ಲಿ ಯಾವ ಮೋರಿಗೆ ಹೆದ್ರಿಕೊಂಡಿದ್ವೇ ನಾವು!" ನಗುತ್ತಲೇ ಹೋಗಿ ನಟ್ಟನಡುವೆ ನಿಂತಳು.

ಆಮೇಲಿನ ಅರ್ಧ ಆಟ ನಮ್ಮದು. ಮೊದಲ ಪಾಸನ್ನು ಕಣ್ಣು ಮುಚ್ಚಿ ಧೈರ್ಯ ಮಾಡಿ ಉದ್ದ ಜಡೆಯವಳ ಕಾಲಿಗೇ ಒದ್ದೆ. ಅದು ಗೆರೆ ಎಳೆದಂತೆ ಹೋಗಿ ಅವಳ ಪಾದಕ್ಕೆ ತಾಗಿತು. ಅವಳು ಆಶ್ಚರ್ಯದಿಂದ ನನ್ನತ್ತ ನೋಡಿ, ಮರುಕ್ಷಣವೇ ಗೋಲು ಹೊಡೆದಳು. ಇನ್ನೊಂದು ಸಂಗತಿ ಓಡುವಾಗ ತಿಳಿಯಿತು. ಇಷ್ಟು ವರ್ಷ ಏರು ಹತ್ತಿ ಓಡಿದ ಕಾಲಿಗೆ ಸಮ ನೆಲ ಎಂದರೆ ಏನೂ ಅಲ್ಲ. ಮಿಕ್ಕವರು ಸುಸ್ತಾಗಿ ಏದುಸಿರು ಬಿಡುತ್ತಿದ್ದಾಗ ನನಗೆ ಆಟ ಈಗ ಶುರುವಾದಂತಿತ್ತು. ಎಡಗಡೆ ಗೆರೆ ಹಿಡಿದು ಓಡಿದೆ, ಬಲಗಡೆ ಓಡಿದೆ, ಎಲ್ಲೂ ಏರಿಲ್ಲ, ಎಲ್ಲೂ ಮೋರಿಯಿಲ್ಲ. ರೇಷ್ಮಾ ಎಡಕ್ಕೂ ಬಲಕ್ಕೂ ಹಾರಿ ಚೆಂಡು ತಬ್ಬಿಕೊಂಡಳು. ಅವಳ ಗೋಲಿಗೆ ಮತ್ತೆ ಒಂದೂ ಬೀಳಲಿಲ್ಲ. ಕೊನೆಯ ಗೋಲು ನಾನೇ ಹೊಡೆದೆ. ಬೇಲಿಯ ಆಚೆ ಅಪ್ಪನೂ ಸೆಲ್ವಂ ಸಾರೂ ತಬ್ಬಿಕೊಂಡು ಕುಣಿಯುತ್ತಿದ್ದರು, ನೋಡಿದವರು ಇವರಿಬ್ಬರಿಗೇ ಸೀಟು ಸಿಕ್ಕಿತೇನೋ ಅಂದುಕೊಳ್ಳಬೇಕು.

ಮೇಡಂ ಬೇಲಿಯ ಹತ್ತಿರ ಬಂದರು. ನನ್ನನ್ನೂ ರೇಷ್ಮಾಳನ್ನೂ ತೋರಿಸಿ, "ಇವರಿಬ್ಬರೂ ನಮಗೆ ಬೇಕು. ಸೋಮವಾರ ಬಂದು ಅಡ್ಮಿಷನ್ ಮಾಡಿಸಿ. ಯಾವ ಕ್ಲಬ್ ಸಾರ್ ಇವರದು?" ಅಂತ ಕೇಳಿದರು.

ಸೆಲ್ವಂ ಸಾರ್ ಬಾಯಿ ತೆಗೆಯುವ ಮೊದಲೇ ಅಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡು ಹೇಳಿದ, "ನಮ್ಮ ಹೊಲದ್ದು ಮೇಡಂ."

ಕನಕಪುರ ರಸ್ತೆಯುದ್ದಕ್ಕೂ ಹಾರನ್ ಹೊಡೆದುಕೊಂಡೇ ಬಂದೆವು. ನಾನೂ ರೇಷ್ಮಾನೂ ಹಿಂದೆ ಕಂಬಿ ಹಿಡಿದು ನಿಂತು, ಬಸ್ ಸ್ಟಾಪಿನಲ್ಲಿದ್ದವರಿಗೆಲ್ಲ ಕೈಬೀಸಿದೆವು. ಯಾಕೆಂದು ತಿಳಿಯದಿದ್ದರೂ ಕೆಲವರು ತಿರುಗಿ ಕೈಬೀಸಿದರು. ಅಪ್ಪ ದಾರಿಯಲ್ಲಿ ನಿಲ್ಲಿಸಿ ಬಿಸಿ ಜಿಲೇಬಿ ಕಟ್ಟಿಸಿದ. ಮನೆಯ ಮುಂದೆ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಬೀದಿಯೆಲ್ಲ ಕೆಮ್ಮಿತು. ಕೆಲಸ ಮುಗಿಸಿ ಬಂದ ರೇಷ್ಮಾಳ ಅಮ್ಮ ಸುದ್ದಿ ಕೇಳಿ ಬಾಗಿಲಲ್ಲೇ ಕೂತುಬಿಟ್ಟರು. "ಹಾಗಾದ್ರೆ ಸೂಪರ್‌ವೈಸರ್‌ಗೆ ಬೇಡ ಅಂತ ಹೇಳ್ಲಾ?" ಅಂತ ಮಗಳನ್ನು ಕೇಳಿದರು. "ಹೇಳಮ್ಮಾ, ನಾಳೆನೇ ಹೇಳು" ಅಂದಳು ರೇಷ್ಮಾ, ಬಾಯಿ ತುಂಬ ಜಿಲೇಬಿ ಇಟ್ಟುಕೊಂಡು.

ಆಷಾಢ ಕಳೆಯಿತು. ಗುದ್ದಲಿ ಪೂಜೆಯ ಬೆಳಿಗ್ಗೆ ಪುರೋಹಿತರು ಬಂದು ಕೂತಿದ್ದರೂ ಅಪ್ಪ, "ಸ್ವಲ್ಪ ತಡೀರಿ ಸ್ವಾಮಿ, ಮಕ್ಕಳದೊಂದು ಆಟ ಆಗ್ಲಿ" ಅಂದ. ನಾವು ಆಡಿದೆವು. ಚೆಂಡು ಒಮ್ಮೆ ಕಳಶದ ಪಕ್ಕದಲ್ಲೇ ಉರುಳಿಕೊಂಡು ಮೋರಿಗೆ ಹೋಯಿತು. ಅವತ್ತು ಅಪ್ಪ ಯಾರು ಗೆದ್ದಿರಿ ಎಂದು ಕೇಳಲಿಲ್ಲ.

ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ನಿಂತಿದೆ. ಆ ಕಾಲೇಜು ನನ್ನನ್ನು ಯೂನಿವರ್ಸಿಟಿ ತಂಡದವರೆಗೆ ಕರೆದುಕೊಂಡು ಹೋಯಿತು. ರೇಷ್ಮಾ ಆಟದ ಬಲದಿಂದಲೇ ಸರ್ಕಾರಿ ಕೆಲಸ ಹಿಡಿದು, ಇವತ್ತಿಗೂ ಇಲಾಖೆಯ ಗೋಲು ಕಾಯುತ್ತಾಳೆ. ನಾನು ಜೆ.ಪಿ. ನಗರದ ಒಂದು ಟರ್ಫಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಗಂಟೆಗಿಷ್ಟು ಎಂದು ಬುಕ್ ಮಾಡುವ ಜಾಗ ಅದು, ಹೊತ್ತು ಮುಗಿದರೆ ದೀಪ ಆರಿಸುತ್ತಾರೆ. ಅಲ್ಲಿ ಹೊಂಗೆ ಹೂವು ಬೀಳುವುದಿಲ್ಲ. ಮಜ್ಜಿಗೆ ಚೊಂಬು ಹಿಡಿದು ಯಾರೂ ಕೂತಿರುವುದಿಲ್ಲ. ಅಜ್ಜಿ ಹೋಗಿ ಮೂರು ವರ್ಷವಾಯಿತು. ಸೆಲ್ವಂ ಸಾರಿಗೆ ಮಂಡಿನೋವು, ಫೋನಿನಲ್ಲೇ ನನ್ನ ಹುಡುಗಿಯರ ಸ್ಕೋರು ಕೇಳುತ್ತಾರೆ. ಬೀದಿಯ ಹುಡುಗಿಯರಿಗೆ ದುಡ್ಡು ಕೊಡದೆ ಆಡಲು ಈಗ ಜಾಗವಿಲ್ಲ, ಅದಕ್ಕೆ ಸಂಕಟವಾಗುತ್ತದೆ.

ಮೊನ್ನೆ ಭಾನುವಾರ, ಹೊಲದ ಮೇಲೆ ಎದ್ದ ನಮ್ಮ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಎರಡನೇ ಮಹಡಿಯ ಬಾಡಿಗೆಯವರ ಮಗಳು ಒಬ್ಬಳೇ ಚೆಂಡು ಒದೆಯುತ್ತಿದ್ದಳು. ಅಪ್ಪ ಗೇಟಿನ ಹತ್ತಿರ ಅದೇ ತರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಯಾರಿಗೋ ನಲ್ಲಿಯ ವಿಷಯ ಹೇಳುತ್ತಿದ್ದ. ಚೆಂಡು ನನ್ನ ಕಾಲ ಬಳಿಗೆ ಬಂತು. "ಆಂಟಿ, ಪಾಸ್!" ಅಂದಳು. ಯೋಚಿಸದೆ ಒದ್ದೆ. ಕಾಲು ತನ್ನಷ್ಟಕ್ಕೆ ತಾನೇ ಬಲಕ್ಕೆ, ರಸ್ತೆಯ ಕಡೆಗೆ ಒದ್ದುಬಿಟ್ಟಿತು. ಅಯ್ಯೋ ಅಂದುಕೊಂಡೆ. ಆದರೆ ಚೆಂಡು ಸ್ವಲ್ಪ ದೂರ ಹೋಗಿ, ಒಂದು ಗಳಿಗೆ ಯೋಚನೆ ಮಾಡಿ, ನಿಧಾನವಾಗಿ ಎಡಕ್ಕೆ ವಾಲಿ, ನೇರ ಅವಳ ಪಾದದ ಹತ್ತಿರ ಬಂದು ನಿಂತಿತು.

ಹುಡುಗಿ ಕಣ್ಣರಳಿಸಿದಳು. "ಆಂಟಿ, ಹೆಂಗೆ ಮಾಡಿದ್ರಿ ಅದು?"

ನಾನು ಉತ್ತರ ಕೊಡುವ ಮೊದಲೇ ಗೇಟಿನ ಕಡೆಯಿಂದ, ಫೋನು ಕಿವಿಯಲ್ಲಿ ಇಟ್ಟುಕೊಂಡೇ, ಅಪ್ಪ ಹೇಳಿದ, "ಇಲ್ಲಿ ಮೋರಿ ಐತೆ ಕಣಮ್ಮಾ."