ಮಂಡಿ, ಮಣೆ ಮತ್ತು ಜಿಮ್ಮು

ಕಂಟೋನ್ಮೆಂಟಿನ ನಮ್ಮ ಎದುರುಮನೆಯ ಗಿರಿಜಾಬಾಯಿ ಸರ್ವೀಸು ಪೂರ್ತಿ ಕುರುಗೋಡಿನ ಶಾಲೆಯಲ್ಲಿ ನಿಂತು ಪಾಠ ಹೇಳಿದವರು. ನಿವೃತ್ತಿಯ ಮೇಲೆ ಹಾಯಾಗಿ ಕೂರೋಣವೆಂದರೆ ಕೂರುವುದೇ ಕಷ್ಟವಾಯಿತು. ಕುರ್ಚಿಯಾದರೆ ತೊಂದರೆಯಿಲ್ಲ. ನೆಲಕ್ಕೆ ಕೂತರೆ ಮಾತ್ರ ಎಬ್ಬಿಸಲು ಇಬ್ಬರು ಬೇಕು. ನಮ್ಮೂರ ಬ್ರೂಸ್‌ಪೇಟೆಯಲ್ಲಿ ಅಷ್ಟೊಂದು ವ್ಯಾಪಾರದ ಮಂಡಿಗಳಿವೆ, ಎಲ್ಲವೂ ಭರ್ಜರಿಯಾಗಿ ನಡೆಯುತ್ತಿವೆ. ನಡೆಯದೆ ಮುಷ್ಕರ ಹೂಡಿದ್ದು ಇವರ ಎರಡು ಮಂಡಿಗಳು.

ಮನೆಯಲ್ಲಿ ಊಟಕ್ಕೆ ಟೇಬಲ್ಲಿದೆ, ಅಲ್ಲಿ ಚಿಂತೆಯಿಲ್ಲ. ಚಿಂತೆಯೆಲ್ಲ ಸಿರುಗುಪ್ಪದ್ದು. ಜತೆಯಲ್ಲಿ ಪಾಠ ಹೇಳುತ್ತಿದ್ದ ಗೆಳತಿ ದುರ್ಗಾದೇವಿ ಅಲ್ಲಿಯವರು; ನೌಕರಿಯ ಕಾಲದಲ್ಲಿ ಇಲ್ಲೇ ಇದ್ದರು, ಮುತ್ತೈದೆಯಾಗಿಯೇ ತೀರಿಹೋದರು. ಪಿತೃಪಕ್ಷದ ನವಮಿಯ ದಿನ ಆಕೆಯ ಹೆಸರಿನಲ್ಲಿ ಒಬ್ಬ ಮುತ್ತೈದೆಯನ್ನು, ಅಂದರೆ ಗಂಡ ಇರುವವಳನ್ನೇ, ಮಣೆಯ ಮೇಲೆ ಕೂರಿಸಿ ಎಲೆ ಹಾಕಿ ಉಣಬಡಿಸುತ್ತಾರೆ. ಪ್ರತಿ ವರ್ಷ ಆ ಎಲೆ ಗಿರಿಜಾಬಾಯಿಯದು. ಆಗೆಲ್ಲ ಕುರುಗೋಡಿಗೆ ಹೋಗುವ ಬಸ್ಸಿನಲ್ಲಿ ಇಬ್ಬರಲ್ಲಿ ಮೊದಲು ಹತ್ತಿದವಳು ಇನ್ನೊಬ್ಬಳಿಗೆ ಸೀಟಿನ ಮೇಲೆ ಚೀಲ ಇಟ್ಟಿರುತ್ತಿದ್ದಳು. ಈಗ ಆಕೆಯ ಹೆಸರಿನ ಈ ಸೀಟನ್ನು ಇನ್ಯಾರಿಗೋ ಬಿಟ್ಟುಕೊಡಲು ಇವರಿಗೆ ಮನಸ್ಸಿಲ್ಲ.

ಕಳೆದ ವರ್ಷ ಊಟ ಸಾಂಗವಾಗಿಯೇ ಆಗಿತ್ತು. ಏಳುವಾಗ ಆಸರೆಗೆಂದು ಕೈ ಚಾಚಿದರು, ಸಿಕ್ಕಿದ್ದು ಪುರೋಹಿತರ ಶಲ್ಯ. ಗಿರಿಜಾಬಾಯಿ ಏಳಲಿಲ್ಲ, ಪುರೋಹಿತರು ಕೂತುಬಿಟ್ಟರು.

ಹಾಗಾಗಿ ಈ ಸಲ ದುರ್ಗಾದೇವಿಯ ಸೊಸೆ ವಿಭಾ ಆಷಾಢದಲ್ಲೇ ಫೋನು ಮಾಡಿದಳು.

"ಅತ್ತಿ, ಈ ವರ್ಷ ನಿಮಗ ಕುರ್ಚಿ ಟೇಬಲ್ ಹಾಕಿಸ್ತೀವ್ರಿ."

"ಉಳಿದವರಿಗೆ?"

"ಅವರೆಲ್ಲಾ ಕೆಳಗ."

"ಅಂದ್ರ ನಾನೊಬ್ಬಾಕಿ ಮ್ಯಾಲ ಕೂತು ಎಲ್ಲಾರ ನೆತ್ತಿ ನೋಡ್ಕೋತ ಉಣ್ಣಬೇಕೇನು? ಅದೇನು ಊಟಾನೋ, ಪರೀಕ್ಷಾ ಹಾಲೋ?"

"ಹಂಗಾರ... ಬ್ಯಾರೆಯವರನ್ನ ಕರೀಲೇನ್ರಿ?"

"ತಡಿ, ಆಮ್ಯಾಲ ಹೇಳ್ತೀನಿ" ಎಂದು ಗಿರಿಜಾಬಾಯಿ ಫೋನಿಟ್ಟರು. ಅದೇ ವಾರ ನಮ್ಮ ಬೀದಿಯ ಮೂಲೆಯಲ್ಲಿ, ಮೊದಲ ಮಹಡಿಯಲ್ಲಿ, ಜಿಮ್ಮೊಂದು ಶುರುವಾಗಿತ್ತು. ಆ ಹೆಸರು ಕೇಳಿದರೇ ಗಿರಿಜಾಬಾಯಿಯ ಕಾಲು ಜುಮ್ಮೆನ್ನುತ್ತಿತ್ತು. ಸೇರುವುದೋ ಬೇಡವೋ? ಡಾಕ್ಟರು, "ನೆಲಕ್ಕೆ ಕೂರಲೇಬೇಡಿ" ಎಂದಿದ್ದರು. ಬೀದಿಯಲ್ಲಿ ಸಿಕ್ಕ ಜಿಮ್ಮಿನ ಕೋಚ್ ಹುಲಿಗೇಶ್, "ನೆಲಕ್ಕ ಕೂಡೋದು ಬಿಟ್ಟಿದ್ದಕ್ಕ ಹಿಂಗಾಗೇತ್ರಿ" ಎಂದ. ಇಬ್ಬರಲ್ಲಿ ಯಾರನ್ನು ನಂಬಿದರೂ ಇನ್ನೊಬ್ಬರಿಗೆ ಬೈದಂತೆ. ಯಜಮಾನರು ಅಕ್ಷೋಭ್ಯರಾಯರು ಹೆಸರಿಗೆ ತಕ್ಕಂತೆ ಯಾವುದಕ್ಕೂ ಕ್ಷೋಭೆಗೊಳ್ಳುವವರಲ್ಲ. "ಸೇರ್ತೀ ಅಂದ್ರ ಸೇರು, ಬ್ಯಾಡಂದ್ರ ಬ್ಯಾಡ" ಎಂದು ಪೇಪರು ಮಡಚಿದರು. ಗಿರಿಜಾಬಾಯಿ ಬೆಳಿಗ್ಗೆ ಸೇರುವುದೆಂದು ನಿರ್ಧರಿಸಿ, ಮಧ್ಯಾಹ್ನ ಬೇಡವೆಂದು ತೀರ್ಮಾನಿಸಿ, ಸಂಜೆ ಎರಡನ್ನೂ ಮರೆತು ಹೊಸದಾಗಿ ಗೊಂದಲಪಡುತ್ತಿದ್ದರು.

ಕೊನೆಗೆ, ನೋಡಿಯಾದರೂ ಬರೋಣವೆಂದು ಇಬ್ಬರೂ ಮೆಟ್ಟಿಲು ಹತ್ತಿದರು. ಗಿರಿಜಾಬಾಯಿ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟರು. ಏದುಸಿರು ಬಿಡುತ್ತಿದ್ದ ರಾಯರು ಮೊದಲು ಕಂಡ ಬೆಂಚಿನ ಮೇಲೆ ಕುಸಿದರು. ಒಳಗೆ ಗೋಡೆ ತುಂಬ ಕನ್ನಡಿ. ಯಾವ ಕಡೆ ತಿರುಗಿದರೂ ಒಬ್ಬೊಬ್ಬ ಕಂಗಾಲಾದ ಗಿರಿಜಾಬಾಯಿ.

ಹುಲಿಗೇಶ್ ಒಂದು ಕುರ್ಚಿ ಎಳೆದ. "ಕೂಡ್ರಿ ಅಮ್ಮಾ."

ಕೂತರು.

"ಏಳ್ರಿ. ಮತ್ತ ಕೂಡ್ರಿ. ಹಾಂ, ಏಳ್ರಿ."

"ಏ ತಮ್ಮಾ, ಕುರ್ಚಿ ಬ್ಯಾಡಂತನೇ ಇಲ್ಲಿಗೆ ಬಂದೀನಿ. ನೀನೂ ಕುರ್ಚಿನೇ ಹಾಕ್ತೀಯಲ್ಲೋ!"

"ಮೊದಲು ಕುರ್ಚಿ, ಆಮ್ಯಾಲ ಸ್ಟೂಲು, ಆಮ್ಯಾಲ ಮಣಿ, ಕಡೀಕ ನೆಲ. ಇದು ಬಸ್ಕಿನೇ ಅಮ್ಮಾ, ಮೆಲ್ಲಕ ಹೊಡಿಯೋದು."

"ಬಸ್ಕಿ? ಕುರುಗೋಡಿನ ಅರ್ಧ ಊರಿಗೆ ಪುಕ್ಕಟೆ ಹೊಡಿಸೀನಿ. ಈಗ ನಾನು ರೊಕ್ಕ ಕೊಟ್ಟು ಹೊಡೀಬೇಕೇನು?"

ಅವನು ನಕ್ಕ. ಅವರು ನಗಲಿಲ್ಲ. ನವಮಿಯ ವಿಷಯ ಹೇಳಿ, "ಅಷ್ಟರಾಗ ನಾ ಯಾರ ಕೈನೂ ಹಿಡೀದ ಏಳ್ತೀನೇನು?" ಎಂದು ಕೇಳಿದರು.

ಹುಲಿಗೇಶ್ ಮಂಡಿಗಳನ್ನು ನೋಡಿದ. "ಸುಳ್ಳು ಯಾಕ ಹೇಳ್ಲಿ ಅಮ್ಮಾ, ಈ ನವಮಿಗೆ ಆಗಂಗಿಲ್ಲ. ಮುಂದಿನ ವರ್ಸದ್ದಕ್ಕ ಏಳ್ತೀರಿ. ಅದು ನನ್ನ ಜವಾಬ್ದಾರಿ."

ಮುಂದಿನ ವರ್ಷ. ಗಿರಿಜಾಬಾಯಿ ಅಲ್ಲೇ ನಿಂತು ಯೋಚಿಸಿದರು. ಮುತ್ತೈದೆಯ ಮಣೆಗೆ ಮಂಡಿಯೊಂದಿದ್ದರೆ ಸಾಲದು. ಕಣ್ಣು ತಾನಾಗಿ ಬೆಂಚಿನತ್ತ ಹೋಯಿತು. ಹತ್ತಿದ ಮೆಟ್ಟಿಲಿನ ಉಸಿರು ರಾಯರಿಗೆ ಇನ್ನೂ ವಾಪಸ್ಸು ಬಂದಿರಲಿಲ್ಲ. ಆದರೂ ಬರುವಾಗ ಕಟ್ಟಿಸಿಕೊಂಡಿದ್ದ ಮಿರ್ಚಿ ಬಜ್ಜಿಯ ಪೊಟ್ಟಣವನ್ನು ತೊಡೆಯ ಮೇಲೆ ಬಿಚ್ಚುತ್ತಿದ್ದರು.

ಅಲ್ಲಿಂದಲೇ ವಿಭಾಳಿಗೆ ಫೋನು ಹೋಯಿತು. "ಈ ವರ್ಷ ಬ್ಯಾರೆಯವರನ್ನ ಕೂಡಿಸವ್ವಾ. ಮುಂದಿನ ವರ್ಷ ನಾ ಬರ್ತೀನಿ, ನೆಲಕ್ಕೇ ಕೂಡ್ತೀನಿ." ಫೋನನ್ನು ಚೀಲಕ್ಕೆ ಹಾಕಿದರು. ಆಮೇಲೆ ಹುಲಿಗೇಶನತ್ತ ತಿರುಗಿ, "ಇಬ್ಬರ ಹೆಸರೂ ಬರ್ಕೋ" ಎಂದರು.

ರಾಯರು ತಲೆಯೆತ್ತಿದರು. "ಇಬ್ಬರು ಯಾರು?"

"ನಾನು, ನೀವು."

"ನನ್ನ ಮಂಡಿ ಗಟ್ಟಿ ಅವಲ್ಲ!"

"ನಿಮ್ಮ ಮಂಡಿ ಯಾರಿಗೆ ಬೇಕಾಗೇದ?"

ಹುಲಿಗೇಶ್ ಒಬ್ಬರನ್ನು ನೋಡಿ ಇನ್ನೊಬ್ಬರನ್ನು ನೋಡಿದ. "ಸಾರ್‌ಗೆ ಏನು ಕಲಿಸ್ಲಿ ಅಮ್ಮಾ?"

ಗಿರಿಜಾಬಾಯಿ ಗಂಡನ ಕೈಯಿಂದ ಪೊಟ್ಟಣ ಕಿತ್ತುಕೊಂಡರು. "ಅವರಿಗೇನೂ ಕಲಿಸಬ್ಯಾಡಪ್ಪಾ. ಇರೋಹಂಗ ನೋಡ್ಕೋ, ಸಾಕು."